ಪೈನ್ ಕಾಡಿನ ನೆಲ ಒಂದು ಕಡೆ ಬೋಳು, ಇನ್ನೊಂದು ಕಡೆ ಹಸಿರು: ನೆರಳೊಂದೇ ಕಾರಣವಾ?

ಬೆಟ್ಟದಹಾದಿ
ಹಿಮಾಲಯದ ಗಿಡಮರಗಳ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಉತ್ತರಾಖಂಡದ ಅಲ್ಮೋರಾ ಸುತ್ತಮುತ್ತ ಚೀರ್ ಪೈನ್ ಕಾಡಲ್ಲಿ ನಡೆದರೆ ಕಾಲಡಿ ಬರೀ ಒಣ ಸೂಜಿ ಎಲೆ, ಅಲ್ಲಲ್ಲಿ ಒಂದಿಷ್ಟು ಹುಲ್ಲು, ಅಷ್ಟೇ. ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಮೇಲಕ್ಕೆ ಹತ್ತಿದರೆ ಫರ್ ಕಾಡು ಬರುತ್ತದೆ. ಅದೂ ಸೂಜಿ ಎಲೆ ಮರವೇ. ಆದರೆ ಅಲ್ಲಿ ಜರಿಗಿಡ, ಪಾಚಿ, ಕಾಡು ಸ್ಟ್ರಾಬೆರಿ, ನೇರಳೆ ಬಣ್ಣದ ಸಣ್ಣ ಹೂಗಳು, ಮೊಣಕಾಲೆತ್ತರದ ಪೊದೆ, ಕಾಲಿಡೋಕೆ ಜಾಗ ಇಲ್ಲ. ಜೊತೆಗಿದ್ದ ಗೈಡ್ ಹತ್ತಿರ ಕೇಳಿದೆ. "ಪೈನ್ ನೆರಳಲ್ಲಿ ಏನೂ ಬೆಳೆಯೋದಿಲ್ಲ" ಅಂದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಚೀರ್ ಕಾಡು ತೆರೆದ ಕಾಡು, ಬಿಸಿಲು ಧಾರಾಳವಾಗಿ ನೆಲಕ್ಕೆ ಬೀಳುತ್ತದೆ. ಫರ್ ಕಾಡು ಮಧ್ಯಾಹ್ನವೂ ಕತ್ತಲೆ. ನೆರಳೇ ಕಾರಣ ಆಗಿದ್ದರೆ ಎಲ್ಲ ಉಲ್ಟಾ ಇರಬೇಕಿತ್ತು ಅಲ್ವಾ?

ಘಟ್ಟದಕಡೆ
ಪೈನ್ ಎಲೆಯಲ್ಲಿ ಆಮ್ಲ ಇರುತ್ತದೆ. ಮಣ್ಣು ಹುಳಿಯಾಗುತ್ತದೆ, ಬೇರೆ ಗಿಡ ಸಾಯುತ್ತದೆ. ಊಟಿಯ ಪೈನ್ ಕಾಡಲ್ಲೂ ಅದೇ ಕಥೆ, ಕೆಳಗೆ ಏನೂ ಇಲ್ಲ.

ಹಿಮನೆಲ
ನಾನು ಹಿಮಾಚಲದಲ್ಲಿ ಕಾಡಿನ ಸಸ್ಯಗಳ ಮೇಲೆ ಕೆಲಸ ಮಾಡಿದವಳು, ಈ ವಿಷಯ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಟ್ಟದಹಾದಿ ಅವರೇ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಹೋಗಿದೆ. ಬೆಳಕು ಮುಖ್ಯ, ಇಲ್ಲ ಅನ್ನೋದಿಲ್ಲ. ದಟ್ಟವಾದ ಫರ್ ಕಾಡಲ್ಲಿ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದು ಪಾಲು ಕೂಡ ನೆಲ ಮುಟ್ಟದ ಜಾಗಗಳಿವೆ. ಆದರೂ ಅಲ್ಲಿ ಗಿಡ ಇದೆ ಅಂದರೆ ಬೆಳಕಿಗಿಂತ ಮುಂಚೆ ಇನ್ನೇನೋ ತೀರ್ಮಾನ ಮಾಡುತ್ತಿದೆ ಅಂತ ತಾನೇ ಅರ್ಥ. ನನ್ನ ಪ್ರಕಾರ ಪಶ್ಚಿಮ ಹಿಮಾಲಯದಲ್ಲಿ ಆ ತೀರ್ಮಾನ ಮಾಡೋದು ನೀರು, ನೆಲದ ಮೇಲಿನ ಸೂಜಿ ಎಲೆಯ ಹಾಸು, ಬೆಂಕಿ ಮತ್ತು ದನಕರು. ಬೆಳಕು ಆಮೇಲೆ ಬರುತ್ತದೆ.

ಮೊದಲು ಎತ್ತರ ನೋಡಿ. ಚೀರ್ ಇರೋದು ಸುಮಾರು 500 ಮೀಟರ್‌ನಿಂದ 2,000 ಮೀಟರ್ ಆಸುಪಾಸಿನವರೆಗೆ. ಅಲ್ಲಿ ಮಾರ್ಚ್‌ನಿಂದ ಜೂನ್ ನಡುವಿನ ತನಕ ನೆಲ ಕಾದು ಒಣಗುತ್ತದೆ. ಚೀರ್ ತನ್ನ ಎಲೆಗಳನ್ನು ಹೆಚ್ಚಾಗಿ ಉದುರಿಸೋದೂ ಅದೇ ತಿಂಗಳುಗಳಲ್ಲಿ. ಒಂದೊಂದು ಸೂಜಿ 20ರಿಂದ 30 ಸೆಂಟಿಮೀಟರ್ ಉದ್ದ, ಮೂರು ಮೂರು ಒಟ್ಟಿಗೆ ಇರುತ್ತವೆ. ಒಂದರ ಮೇಲೊಂದು ಹೆಣೆದುಕೊಂಡು ಬಿದ್ದರೆ ಬೀಜ ಮಣ್ಣು ಮುಟ್ಟೋದೇ ಇಲ್ಲ. ಬೀಜ ಮೇಲೇ ಮೊಳೆತರೂ ಬೇರು ಕೆಳಗಿನ ಹಸಿ ಮಣ್ಣು ತಲುಪುವ ಮುಂಚೆ ಬಿಸಿಲಿಗೆ ಒಣಗಿ ಹೋಗುತ್ತದೆ. ಅಲ್ಲಿನವರು ಈ ಎಲೆಗೆ ಪಿರೂಲ್ ಅನ್ನುತ್ತಾರೆ. ಅದರ ಮೇಲೆ ಇಳಿಜಾರಲ್ಲಿ ನಡೆದವರಿಗೆ ಎಷ್ಟು ಜಾರುತ್ತದೆ ಅಂತ ಗೊತ್ತಿರುತ್ತದೆ.

ಫರ್ ಕಾಡು ಸುಮಾರು 2,400 ಮೀಟರ್ ಮೇಲೆ. ಮೇಲೆ ಹೋದ ಹಾಗೆ ಪ್ರತಿ ಸಾವಿರ ಮೀಟರ್‌ಗೆ ಆರೇಳು ಡಿಗ್ರಿ ತಂಪು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಿಮ ಅಂದರೆ ಗಿಡಕ್ಕೆ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ, ನೆಲದ ಗಿಡಗಳ ಮಟ್ಟಿಗೆ ಅದು ರಕ್ಷಣೆ. ದಪ್ಪ ಹಿಮದ ಕೆಳಗೆ ಮಣ್ಣು ಸೊನ್ನೆ ಡಿಗ್ರಿಯ ಹತ್ತಿರವೇ ನಿಂತಿರುತ್ತದೆ, ಮೇಲೆ ಗಾಳಿ ಮೈನಸ್ ಹದಿನೈದಾದರೂ. ವಸಂತದಲ್ಲಿ ಅದು ನಿಧಾನಕ್ಕೆ ಕರಗುವಾಗ, ಕೆಳಗಿನ ಚೀರ್ ಕಾಡು ಸುಡುತ್ತಿರುವ ಹೊತ್ತಿಗೆ, ಮೇಲಿನ ಕಾಡಿನ ಮಣ್ಣು ಹಸಿಯಾಗಿರುತ್ತದೆ. ಡಿಸೆಂಬರ್‌ನಲ್ಲಿ ಕೇದಾರಕಂಠ ಹತ್ತಿ ಬರುವ ನಮ್ಮ ಬೆಂಗಳೂರಿನ ಹುಡುಗರು ಇದ್ಯಾವುದನ್ನೂ ನೋಡೋದಿಲ್ಲ, ಅವರಿಗೆ ಸಿಗೋದು ಬಿಳಿ ನೆಲ ಮಾತ್ರ. ಅದೇ ದಾರಿಯಲ್ಲಿ ಮೇ ಕೊನೆಗೋ ಸೆಪ್ಟೆಂಬರ್‌ಗೋ ಹೋಗಬೇಕು.

ಇನ್ನೊಂದು ವಿಷಯ, ತೀರ್ಥನ್ ಮೇಲಿನ ಕಾಡು ಬರೀ ಫರ್ ಅಲ್ಲ. ನಡುನಡುವೆ ಮೇಪಲ್, ಕಾಡು ಅಖರೋಟ್, ಹಾರ್ಸ್ ಚೆಸ್ಟ್‌ನಟ್ ಇವೆ. ಇವುಗಳ ಅಗಲ ಎಲೆ ಬೇಗ ಕೊಳೆಯುತ್ತದೆ, ಸೂಜಿ ಎಲೆಯ ಜೊತೆ ಬೆರೆತು ಒಳ್ಳೆಯ ಕಪ್ಪು ಮಣ್ಣಾಗುತ್ತದೆ. ಈ ಮರಗಳು ವಸಂತದಲ್ಲಿ ಬೋಳಾಗಿರುವಾಗ ಅವುಗಳ ಕೆಳಗೆ ಕೆಲವು ವಾರ ಬೆಳಕು ಸಿಗುತ್ತದೆ. ಬೇಗ ಹೂ ಬಿಡುವ ಸಣ್ಣ ಗಿಡಗಳು ಆ ಸಮಯದಲ್ಲೇ ತಮ್ಮ ಕೆಲಸ ಮುಗಿಸಿಕೊಳ್ಳುತ್ತವೆ.

ತೋಟದಮನೆ_ಶಿರಸಿ
ಮೇಡಂ, ನೀವು ಎಲೆ ಹಾಸಿನ ಬಗ್ಗೆ ಹೇಳಿದ್ದು ನಮ್ಮ ಕಡೆ ಅಕೇಶಿಯ ಪ್ಲಾಂಟೇಶನ್ ನೋಡಿದವರಿಗೆ ತಕ್ಷಣ ಅರ್ಥ ಆಗುತ್ತದೆ. ಸೊಪ್ಪಿನ ಬೆಟ್ಟದ ದರಕು, ಅಂದರೆ ಒಣಗಿ ಉದುರಿದ ಎಲೆ, ತಂದು ಕೊಟ್ಟಿಗೆಗೆ ಹಾಕಿದರೆ ವರ್ಷದೊಳಗೆ ಗೊಬ್ಬರ. ಅಕೇಶಿಯ ದರಕು ಹಾಗಲ್ಲ, ಚರ್ಮದ ಹಾಗೆ ಬಿದ್ದಿರುತ್ತದೆ, ಅದರ ಕೆಳಗೆ ಮಳೆಗಾಲದಲ್ಲೂ ಗಿಡ ಹುಟ್ಟೋದು ಕಡಿಮೆ. ಸೂಜಿ ಎಲೆ ಯಾಕೆ ಅಷ್ಟು ನಿಧಾನ ಕೊಳೆಯುತ್ತದೆ? ಮೇಣ ಇರೋದಕ್ಕಾ?

ಹಿಮನೆಲ
ಮೇಣ, ರಾಳ, ಗಿಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಲ್ಲ ಸೇರಿ. ಅದಕ್ಕಿಂತ ಮುಖ್ಯ, ಅದರಲ್ಲಿ ಸಾರಜನಕ ಕಡಿಮೆ, ಇಂಗಾಲ ಜಾಸ್ತಿ. ಕೊಳೆಸುವ ಜೀವಿಗಳಿಗೆ ಅದು ಹೊಟ್ಟೆ ತುಂಬುವ ಊಟ ಅಲ್ಲ. ತಂಪು ಜಾಗದಲ್ಲಿ ಇನ್ನೂ ನಿಧಾನ. ಹಾಗಾಗಿ ಪೋಷಕಾಂಶ ಎಲ್ಲ ಆ ಹಾಸಿನೊಳಗೇ ಸಿಕ್ಕಿಹಾಕಿಕೊಂಡಿರುತ್ತದೆ.

ಘಟ್ಟದಕಡೆ ಅವರೇ, ಆಮ್ಲದ ಮಾತು ಎಲ್ಲರೂ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ಮೊದಲ ಕಾರಣ ಮಾಡೋದು ತಪ್ಪು. ಸೂಜಿ ಎಲೆಯಿಂದ ಮೇಲಿನ ಪದರ ಹುಳಿಯಾಗೋದು ನಿಜ. ಆದರೆ ಬೆಟ್ಟದ ಮಣ್ಣಿನ ಗುಣವನ್ನು ಕೆಳಗಿನ ಬಂಡೆ ಮತ್ತು ಬೀಳುವ ಮಳೆ ಕೂಡ ನಿರ್ಧರಿಸುತ್ತವೆ. ಮಸೂರಿ ಕಡೆ ಸುಣ್ಣದ ಕಲ್ಲು, ಬೇರೆ ಕಡೆ ಗ್ರಾನೈಟ್ ಜಾತಿಯ ಕಲ್ಲು, ಎರಡರ ಮೇಲೂ ಒಂದೇ ಮರ ನಿಂತರೂ ಮಣ್ಣು ಒಂದೇ ಆಗೋದಿಲ್ಲ. ಜರಿಗಿಡ, ಪಾಚಿ, ರೋಡೊಡೆಂಡ್ರಾನ್ ಇವೆಲ್ಲ ಹುಳಿ ಮಣ್ಣಲ್ಲೇ ಚೆನ್ನಾಗಿ ಬೆಳೆಯುತ್ತವೆ. ಆಮ್ಲ ಇದ್ದರೆ ಯಾವ ಗಿಡ ಬರುತ್ತದೆ ಅನ್ನೋದು ಬದಲಾಗುತ್ತದೆ. ಅದರಿಂದ ನೆಲ ಬೋಳಾಗೋದಿಲ್ಲ.

ಊಟಿಯ ಉದಾಹರಣೆ ಇಲ್ಲಿ ಹೊಂದೋದಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿನ ಪೈನ್‌ಗಳು ನೆಟ್ಟವು, ಮೆಕ್ಸಿಕೋ ಮೂಲದ ಜಾತಿಯೂ ಅದರಲ್ಲಿದೆ. ಒಂದೇ ವಯಸ್ಸಿನ ಮರ ಸಾಲಾಗಿ ಒತ್ತೊತ್ತಾಗಿ ನಿಂತಿವೆ. ಅಷ್ಟು ದಟ್ಟ ನೆಟ್ಟರೆ ಯಾವ ಮರದ ಕೆಳಗೂ ಅದೇ ಕಥೆ. ಜೊತೆಗೆ ಪ್ರವಾಸಿಗರ ತುಳಿತ. ಹಳೆಯ ಕಾಡಲ್ಲಿ ಮರ ಬೀಳುತ್ತದೆ, ಹಿಮದ ಭಾರಕ್ಕೆ ಕೊಂಬೆ ಮುರಿಯುತ್ತದೆ, ಅಲ್ಲಿ ಒಂದು ಕಿಂಡಿ ತೆರೆಯುತ್ತದೆ, ಆ ಕಿಂಡಿಯ ಕೆಳಗೆ ಒಂದೇ ವರ್ಷದಲ್ಲಿ ನೋಟ ಬದಲಾಗುತ್ತದೆ.

ಘಟ್ಟದಕಡೆ
ಸರಿ, ಪ್ಲಾಂಟೇಶನ್ ಮತ್ತು ಕಾಡು ಬೇರೆ ಅನ್ನೋದು ಒಪ್ಪುತ್ತೇನೆ. ಆದರೆ ಬೆಳಕನ್ನು ಇಷ್ಟು ಹಿಂದಕ್ಕೆ ತಳ್ಳೋದು ಯಾಕೆ? ಪುಸ್ತಕಗಳಲ್ಲೆಲ್ಲ ನೆರಳು ಅಂತಲೇ ಇದೆ.

ಬೇರುಬಿಳಲು
ಇದಕ್ಕೆ ಒಂದು ಚಂದದ ಹಳೆಯ ಪ್ರಯೋಗ ಇದೆ. 1904ರಲ್ಲಿ ಜರ್ಮನಿಯಲ್ಲಿ ಫ್ರಿಕೆ ಅನ್ನುವವರು ಪೈನ್ ಕಾಡಿನ ನೆರಳಲ್ಲಿ ಸೊರಗಿ ನಿಂತಿದ್ದ ಸಣ್ಣ ಸಸಿಗಳ ಸುತ್ತ ಅಗಳು ತೋಡಿ ದೊಡ್ಡ ಮರಗಳ ಬೇರು ಕತ್ತರಿಸಿದರು. ಮೇಲಿನ ನೆರಳು ಒಂದು ಚೂರೂ ಬದಲಾಗಿರಲಿಲ್ಲ. ಆದರೆ ಒಳಗಿನ ಮಣ್ಣು ಹಸಿಯಾಯಿತು, ಸಸಿಗಳು ಚೇತರಿಸಿಕೊಂಡವು, ಬೇರೆ ಗಿಡಗಳೂ ಎದ್ದು ಬಂದವು. ಆಮೇಲೆ ಅಮೆರಿಕದಲ್ಲಿ ಟೂಮಿ ಮತ್ತು ಕೀನ್‌ಹೋಲ್ಜ್ ಬಿಳಿ ಪೈನ್ ಕಾಡಲ್ಲಿ ಇದೇ ರೀತಿ ಅಗಳು ತೋಡಿ, 1931ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲೂ ಹಾಗೇ ಆಯಿತು, ಬೇರು ಕತ್ತರಿಸಿದ ಚೌಕದಲ್ಲಿ ಹಸಿರು ತುಂಬಿತು, ಪಕ್ಕದಲ್ಲಿ ಹಾಗೇ ಬೋಳು. ನಾವು ನೆರಳು ಅಂತ ಬೈಯುತ್ತಿದ್ದದ್ದರಲ್ಲಿ ದೊಡ್ಡ ಪಾಲು ಬೇರುಗಳು ನೀರು ಕುಡಿದು ಖಾಲಿ ಮಾಡುವುದರದ್ದು. ಒಣ ಜಾಗದಲ್ಲಂತೂ ಇದು ಇನ್ನೂ ಜಾಸ್ತಿ. ಚೀರ್ ಕಾಡಲ್ಲಿ ಬಿಸಿಲಿದ್ದೂ ಗಿಡ ಇಲ್ಲ ಅನ್ನುವ ಒಗಟಿಗೆ ಅರ್ಧ ಉತ್ತರ ಇಲ್ಲೇ ಇದೆ.

ಬೇರಿನ ಜೊತೆ ಶಿಲೀಂಧ್ರವೂ ಇದೆ. ಪೈನ್, ಫರ್, ದೇವದಾರು ಎಲ್ಲದರ ಬೇರಿನ ತುದಿಗೂ ಶಿಲೀಂಧ್ರದ ಹೊದಿಕೆ ಇರುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಮರಕ್ಕೆ ನೀರು, ಸಾರಜನಕ, ರಂಜಕ ತಂದುಕೊಡುತ್ತದೆ. 1971ರಲ್ಲಿ ನ್ಯೂಜಿಲೆಂಡ್‌ನಲ್ಲಿ ರೂತ್ ಮತ್ತು ಪೀಟರ್ ಗಾಡ್ಗಿಲ್ ಪೈನ್ ಬೇರುಗಳನ್ನು ಹೊರಗಿಟ್ಟ ಜಾಗದಲ್ಲಿ ಎಲೆ ಹಾಸು ಬೇಗ ಕೊಳೆಯುತ್ತದೆ ಅಂತ ತೋರಿಸಿದರು. ಅಂದರೆ ಮರದ ಜೊತೆಗಾರ ಶಿಲೀಂಧ್ರವೇ ಕೊಳೆಸುವ ಜೀವಿಗಳಿಗೆ ಸಿಗಬೇಕಾದ ಪೋಷಕಾಂಶವನ್ನು ಮುಂಚೆಯೇ ಹೀರಿಕೊಳ್ಳುತ್ತಿತ್ತು. ಎಲ್ಲ ಕಾಡಲ್ಲೂ ಇದು ಒಂದೇ ರೀತಿ ಕಾಣಿಸೋದಿಲ್ಲ, ಆದರೆ ಸೂಜಿ ಎಲೆ ಕಾಡಿನ ನೆಲವನ್ನು ಅರ್ಥ ಮಾಡಿಕೊಳ್ಳಲು ಇದು ಬೇಕೇ ಬೇಕು.

ಬೆಟ್ಟದಹಾದಿ
ಅಗಳಿನ ವಿಷಯ ಓದಿ ಖುಷಿಯಾಯಿತು. ನಾನು ಇಷ್ಟು ದಿನ ಮೇಲೆಯೇ ನೋಡುತ್ತಿದ್ದೆ. ಫರ್ ಕಾಡಲ್ಲಿ ಅತಿ ಕತ್ತಲೆಯ ಜಾಗದಲ್ಲಿ ಪೂರ್ತಿ ಬಿಳಿ ಬಣ್ಣದ, ಎಲೆ ಇಲ್ಲದ, ತಲೆ ಬಗ್ಗಿಸಿದ ಒಂದು ಗಿಡ ನೋಡಿದ್ದೆ. ಅಣಬೆ ಅಂದುಕೊಂಡೆ. ಅದೇನಿರಬಹುದು?

ಬೇರುಬಿಳಲು
ಮೊನೊಟ್ರೋಪ ಇರಬೇಕು. ಅದು ಅಣಬೆ ಅಲ್ಲ, ಹೂ ಬಿಡುವ ಗಿಡವೇ. ಹಸಿರು ಇಲ್ಲದ ಕಾರಣ ಅದಕ್ಕೆ ಬೆಳಕೇ ಬೇಡ. ನಾನು ಮೇಲೆ ಹೇಳಿದ ಶಿಲೀಂಧ್ರದಿಂದಲೇ ಅದಕ್ಕೆ ಊಟ, ಆ ಶಿಲೀಂಧ್ರಕ್ಕೆ ಮರದಿಂದ. ಮರ ಕಡಿದರೆ ಅದೂ ಹೋಗುತ್ತದೆ.

ಪೋರ್ಟ್‌ಲ್ಯಾಂಡ್_ಕನ್ನಡಿಗ
ನಾನಿರೋದು ಅಮೆರಿಕದ ಆರಿಗನ್‌ನಲ್ಲಿ. ಇಲ್ಲಿ ಕ್ಯಾಸ್ಕೇಡ್ ಬೆಟ್ಟಸಾಲು ಉತ್ತರ ದಕ್ಷಿಣ ಹೋಗುತ್ತದೆ, ಪಶ್ಚಿಮದ ಕಡೆ ಸಮುದ್ರದ ಮೋಡ ಬಂದು ಸುರಿಯುತ್ತದೆ, ಪೂರ್ವದ ಕಡೆ ಒಣ. ನಮ್ಮ ಘಟ್ಟದ ಆಚೆ ಈಚೆ ಇದ್ದ ಹಾಗೇ. ಪಶ್ಚಿಮದಲ್ಲಿ ಡಗ್ಲಸ್ ಫರ್, ಹೆಮ್‌ಲಾಕ್, ಕೆಳಗೆ ಸೊಂಟದೆತ್ತರ ಜರಿಗಿಡ, ಪಾಚಿ, ಆಕ್ಸಾಲಿಸ್. ಕಾರಲ್ಲಿ ಬೆಟ್ಟ ದಾಟಿ ಪೂರ್ವಕ್ಕೆ ಇಳಿದರೆ ಪಾಂಡರೋಸ ಪೈನ್, ಮರಗಳ ನಡುವೆ ಬೇಕಾದಷ್ಟು ಬಿಸಿಲು, ಕೆಳಗೆ ಗುಂಪು ಹುಲ್ಲು ಮತ್ತು ಒಣ ಪೊದೆ ಮಾತ್ರ. ನೀರು ಮೊದಲು, ಬೆಳಕು ಆಮೇಲೆ ಅನ್ನುವ ಮಾತು ಇಲ್ಲೂ ಕಣ್ಣಿಗೆ ಕಾಣುತ್ತದೆ. ವಾಷಿಂಗ್ಟನ್ ರಾಜ್ಯದ ಹೋ ಕಾಡಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅಂದರೆ ಆಗುಂಬೆಯ ಅರ್ಧದಷ್ಟು. ಅಲ್ಲಿ ನೆಲದ ಪಾಚಿ ಎಷ್ಟು ದಪ್ಪ ಅಂದರೆ ಮರದ ಬೀಜಕ್ಕೇ ನೆಲದಲ್ಲಿ ಜಾಗ ಸಿಗೋದಿಲ್ಲ, ಬಿದ್ದು ಕೊಳೆಯುತ್ತಿರುವ ದಿಮ್ಮಿಯ ಮೇಲೆ ಸಸಿಗಳು ಸಾಲಾಗಿ ಹುಟ್ಟುತ್ತವೆ. ದಿಮ್ಮಿ ಪೂರ್ತಿ ಮಣ್ಣಾದ ಮೇಲೂ ಮರಗಳು ನೇರ ಸಾಲಲ್ಲಿ ನಿಂತಿರುತ್ತವೆ.

ಆಕ್ಸಾಲಿಸ್ ಬಗ್ಗೆ ಒಂದು ಮಾತು. ನೆರಳಿಗೆ ಎಷ್ಟು ಒಗ್ಗಿಕೊಂಡಿದೆ ಅಂದರೆ ಕೊಂಬೆಗಳ ಸಂದಿಯಿಂದ ನೇರ ಬಿಸಿಲು ಬಿದ್ದರೆ ಕೆಲವೇ ನಿಮಿಷದಲ್ಲಿ ಎಲೆ ಮಡಚಿಕೊಳ್ಳುತ್ತದೆ, ಬಿಸಿಲು ಸರಿದ ಮೇಲೆ ಮತ್ತೆ ಬಿಚ್ಚುತ್ತದೆ. ಅದಕ್ಕೆ ಬೆಳಕು ಜಾಸ್ತಿಯಾದರೇ ತೊಂದರೆ.

ಬೆಂಕಿಯ ಬಗ್ಗೆ ಹಿಮನೆಲ ಅವರು ಇನ್ನೂ ಬರೆದಿಲ್ಲ, ಅದನ್ನು ಕೇಳಬೇಕು. ಇಲ್ಲಿ ಪಾಂಡರೋಸ ಕಾಡಲ್ಲಿ ಮೊದಲು ಸಣ್ಣ ನೆಲಬೆಂಕಿ ಆಗಾಗ ಬರುತ್ತಿತ್ತು, ಹುಲ್ಲು ಉಳಿಯುತ್ತಿತ್ತು. 20ನೇ ಶತಮಾನದಲ್ಲಿ ಬೆಂಕಿಯನ್ನೆಲ್ಲ ಆರಿಸುತ್ತಾ ಬಂದರು. ಕೆಳಗೆ ಸಣ್ಣ ಮರಗಳು ಒತ್ತಾಗಿ ಬೆಳೆದು ಹುಲ್ಲು ಹೂ ಎಲ್ಲ ಕಡಿಮೆಯಾದವು, ಈಗ ಬೆಂಕಿ ಬಿದ್ದರೆ ಮರದ ತುದಿಗೇ ಏರುತ್ತದೆ. ಹಿಮಾಲಯದಲ್ಲೂ ಬೆಂಕಿ ಒಳ್ಳೆಯದೇ ಇರಬಹುದಾ?

ಹಿಮನೆಲ
ಅಣ್ಣಾ, ಒಳ್ಳೆಯದು ಕೆಟ್ಟದ್ದು ಅಂತ ಒಂದೇ ಮಾತಲ್ಲಿ ಹೇಳೋಕೆ ಆಗೋದಿಲ್ಲ. ಚೀರ್ ತೊಗಟೆ ದಪ್ಪ, ನೆಲಬೆಂಕಿ ಬಂದರೂ ದೊಡ್ಡ ಮರ ಉಳಿಯುತ್ತದೆ. ಬೆಂಕಿ ಪಿರೂಲ್ ಹಾಸನ್ನು ಸುಟ್ಟು ಮಣ್ಣು ತೆರೆಯುತ್ತದೆ, ಮಳೆ ಬಂದಾಗ ಹುಲ್ಲು ಚಿಗುರುತ್ತದೆ, ಅದಕ್ಕಾಗಿಯೇ ಊರವರು ಹಿಂದಿನಿಂದಲೂ ಬೆಂಕಿ ಹಾಕುತ್ತಾ ಬಂದರು. ದನಕ್ಕೆ ಹುಲ್ಲು ಬೇಕು, ಹಾಸಿನ ಮೇಲೆ ದನ ಜಾರುತ್ತವೆ. ಆದರೆ ಪದೇ ಪದೇ ಬೆಂಕಿ ಬಿದ್ದರೆ ಬಾಂಜ್ ಅನ್ನುವ ಓಕ್ ಮರದ ಸಸಿ, ರೋಡೊಡೆಂಡ್ರಾನ್ ಸಸಿ, ತೆಳು ಬೇರಿನ ಗಿಡಗಳು ಉಳಿಯೋದಿಲ್ಲ. ಉಳಿಯೋದು ಹುಲ್ಲು ಮತ್ತು ಬುಡದಿಂದ ಮತ್ತೆ ಚಿಗುರುವ ಕೆಲವು ಪೊದೆ ಮಾತ್ರ. ಅಂದರೆ ಬೆಟ್ಟದಹಾದಿ ಅವರು ಅಲ್ಮೋರಾದಲ್ಲಿ ನೋಡಿದ ನೆಲ ಬರೀ ಪ್ರಕೃತಿ ಮಾಡಿದ್ದಲ್ಲ.

ಇದರಲ್ಲಿ ಇತಿಹಾಸವೂ ಇದೆ. ಬ್ರಿಟಿಷರಿಗೆ ಚೀರ್ ಬೇಕಿತ್ತು, ರೈಲು ಸ್ಲೀಪರ್‌ಗೆ ಮರ, ಟರ್ಪೆಂಟೈನ್‌ಗೆ ರಾಳ. ಊರವರಿಗೆ ಬಾಂಜ್ ಬೇಕಿತ್ತು, ಮೇವು, ಸೌದೆ, ಕೊಟ್ಟಿಗೆಗೆ ಸೊಪ್ಪು. ಕಾಡಿನ ಹಕ್ಕು ಕಿತ್ತುಕೊಂಡಾಗ ಕುಮಾವೂನಿನ ಜನ ತಿರುಗಿಬಿದ್ದರು, 1921ರಲ್ಲಿ ಚೀರ್ ಕಾಡುಗಳಿಗೆ ದೊಡ್ಡ ಪ್ರಮಾಣದಲ್ಲಿ ಬೆಂಕಿ ಬಿತ್ತು. ಅದೇ ವರ್ಷ ಸರ್ಕಾರ ಜನರ ದೂರು ಕೇಳಲು ಸಮಿತಿ ಮಾಡಬೇಕಾಯಿತು, 1931ರಲ್ಲಿ ವನ ಪಂಚಾಯತ್, ಅಂದರೆ ಊರವರೇ ಕಾಡು ನೋಡಿಕೊಳ್ಳುವ ಪಂಚಾಯತ್, ಅದರ ನಿಯಮಗಳು ಬಂದವು. ಆ ಪಂಚಾಯತ್‌ಗಳು ಇವತ್ತಿಗೂ ಇವೆ. ಚೆನ್ನಾಗಿ ನೋಡಿಕೊಂಡ ವನ ಪಂಚಾಯತ್ ಕಾಡಿಗೂ ಪಕ್ಕದ ಸುಟ್ಟ ಚೀರ್ ಗುಡ್ಡಕ್ಕೂ ಇರುವ ವ್ಯತ್ಯಾಸ ನೆಲದ ಮೇಲೇ ಕಾಣುತ್ತದೆ.

ಆರಿಗನ್‌ನಲ್ಲಿ ಕಲಿತ ಪಾಠವನ್ನು ಹಾಗೇ ತಂದು ಇಲ್ಲಿ ಹಾಕಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಪಾಂಡರೋಸ ಕಾಡಿಗೆ ಬೆಂಕಿ ಬೇಕಿತ್ತು, ಕೊಡಲಿಲ್ಲ. ಇಲ್ಲಿ ಚೀರ್‌ಗೆ ಬೆಂಕಿ ಬೇಕಾದದ್ದಕ್ಕಿಂತ ಜಾಸ್ತಿ ಸಿಗುತ್ತಿದೆ, 2016 ಮತ್ತು 2024ರ ಬೇಸಿಗೆಯಲ್ಲಿ ಉತ್ತರಾಖಂಡಕ್ಕೆ ಬಿದ್ದ ಕಾಡ್ಗಿಚ್ಚನ್ನು ನೆನಪಿಸಿಕೊಳ್ಳಿ.

ತೋಟದಮನೆ_ಶಿರಸಿ
ದನಕರು ಅಂದಿರಿ. ಮೇಯಿಸೋದು ನಿಲ್ಲಿಸಿದರೆ ಕಾಡಿನ ನೆಲ ತಾನೇ ಸರಿಹೋಗುತ್ತದಾ? ನಮ್ಮಲ್ಲಿ ಅರಣ್ಯ ಇಲಾಖೆಯವರು ಯಾವಾಗಲೂ ಅದನ್ನೇ ಹೇಳೋದು.

ಹಿಮನೆಲ
ಅಷ್ಟು ಸುಲಭ ಇಲ್ಲ. ಜಾಸ್ತಿ ಮೇಯಿಸಿದ ಕಡೆ ದನ ತಿನ್ನದ ಗಿಡ ಮಾತ್ರ ಉಳಿಯುತ್ತವೆ. ಮುಳ್ಳಿನ ಬರ್ಬೆರಿಸ್, ಅಲ್ಲಿನವರು ಕಿಲ್ಮೋರಾ ಅಥವಾ ಕಶ್ಮಲ್ ಅನ್ನುತ್ತಾರೆ, ಅದು ತುಂಬಿಕೊಂಡಿದ್ದರೆ ಅಲ್ಲಿ ಮಂದೆ ಓಡಾಡಿದೆ ಅಂತ ಹೇಳಬಹುದು. ಹಾಗಂತ ಪೂರ್ತಿ ನಿಲ್ಲಿಸಿದರೆ ಎಲ್ಲ ಕಡೆ ಒಳ್ಳೆಯದೇ ಆಗಿಲ್ಲ. ಉತ್ತರಾಖಂಡದ ಹೂಗಳ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಮೇಯಿಸೋದು ನಿಂತ ಮೇಲೆ ಪಾಲಿಗೋನಮ್ ಅನ್ನುವ ಎತ್ತರದ ಗಿಡ ಹಬ್ಬಿತು, ಅರಣ್ಯ ಇಲಾಖೆ ಅದನ್ನು ಕೀಳಿಸುತ್ತಿದೆ. ಅದು ಮರದ ಗೆರೆಯ ಮೇಲಿನ ಹುಲ್ಲುಗಾವಲು, ಕಾಡಲ್ಲ, ಆದರೂ ಪಾಠ ಒಂದೇ.

ಫರ್ ಕಾಡಲ್ಲೂ ಇಂಥದ್ದೇ ಒಂದು ಸಮಸ್ಯೆ ಇದೆ. ಹಿಮಾಚಲದಲ್ಲಿ ಫರ್ ಮತ್ತು ಸ್ಪ್ರೂಸ್ ಸಸಿ ಸರಿಯಾಗಿ ಬರುತ್ತಿಲ್ಲ ಅಂತ ಅರಣ್ಯದವರು ಬಹಳ ಕಾಲದಿಂದ ತಲೆಕೆಡಿಸಿಕೊಂಡಿದ್ದಾರೆ. ಒಂದು ಕಾರಣ ಕೊಳೆಯದ ದಪ್ಪ ಎಲೆ ಹಾಸು. ಇನ್ನೊಂದು, ಬೆಟ್ಟದಹಾದಿ ಅವರಿಗೆ ಅಷ್ಟು ಚಂದ ಕಂಡ ಆ ಹಸಿರೇ. ಸ್ಟ್ರೊಬಿಲಾಂಥಿಸ್, ಅಂದರೆ ನಮ್ಮ ನೀಲಕುರಿಂಜಿಯ ಕುಲದ್ದೇ ಗಿಡ, ಕೆಲವು ಕಡೆ ನೆಲವನ್ನು ಪೂರ್ತಿ ಮುಚ್ಚುತ್ತದೆ, ಮರದ ಸಸಿಗೆ ತಲೆ ಎತ್ತಲು ಬಿಡೋದಿಲ್ಲ. ಹಸಿರು ಜಾಸ್ತಿ ಇದ್ದರೆ ಕಾಡು ಆರೋಗ್ಯವಾಗಿದೆ ಅಂತ ಹೇಳಲು ಬರೋದಿಲ್ಲ.

ಮನುಷ್ಯರ ಕೈಯಿಂದ ಆಗುವ ಇನ್ನೊಂದು ಹಾನಿಯನ್ನು ಹೇಳಲೇಬೇಕು. ನಾಗಛತ್ರಿ ಅಂತ ಮೂರು ಎಲೆಯ ಸಣ್ಣ ಗಿಡ, ಫರ್ ಮತ್ತು ಓಕ್ ಕಾಡಿನ ಹಸಿ ನೆಲದಲ್ಲಿ ಬೆಳೆಯುತ್ತದೆ. ಗಡ್ಡೆಗೆ ಬೆಲೆ ಬಂದ ಮೇಲೆ ಗುಡ್ಡಗುಡ್ಡಗಳನ್ನೇ ಅಗೆದಿದ್ದಾರೆ. ಈ ಕುಲದ ಗಿಡಗಳು ಬೀಜದಿಂದ ಹೂವಿನ ಹಂತಕ್ಕೆ ಬರಲು ಹಲವು ವರ್ಷ ಬೇಕು. ಒಮ್ಮೆ ಕಿತ್ತರೆ ಆ ಜಾಗಕ್ಕೆ ಅದು ಬೇಗ ವಾಪಸ್ ಬರೋದಿಲ್ಲ. ಬೆಳಕು, ನೀರು, ಮಣ್ಣು ಎಲ್ಲ ಸರಿಯಿದ್ದೂ ಒಂದು ಜಾಗದಲ್ಲಿ ಗಿಡ ಇಲ್ಲ ಅಂದರೆ ಯಾರೋ ಗುದ್ದಲಿ ಹಿಡಿದು ಬಂದಿದ್ದರಾ ಅಂತಲೂ ಕೇಳಬೇಕು. ಇದು ನನಗೆ ನಿಜಕ್ಕೂ ಹೊಟ್ಟೆ ಉರಿಸುವ ವಿಷಯ. ಟ್ರೆಕ್ ಹೋದವರು ಫೋಟೋ ಹಾಕುವಾಗ ನಾಗಛತ್ರಿ, ಬನ್‌ಕಕ್ರಿ ಇಂಥ ಗಿಡ ಇರುವ ಜಾಗದ ಲೊಕೇಶನ್ ದಯವಿಟ್ಟು ಹಾಕಬೇಡಿ.

ಬೆಟ್ಟದಹಾದಿ
ಖಂಡಿತ. ನನ್ನ ಹಳೆಯ ಫೋಟೋಗಳಿಂದಲೂ ಈಗಲೇ ತೆಗೆಯುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಒಂದೇ ಎತ್ತರ, ಒಂದೇ ಮರ, ಬೆಂಕಿಯೂ ಇಲ್ಲ ದನವೂ ಇಲ್ಲ. ಆದರೂ ಹಳ್ಳದ ಆಚೆ ದಡ ಹಸಿರು, ಈಚೆ ದಡ ಒಣ. ಇದನ್ನು ಬಹಳ ಕಡೆ ನೋಡಿದ್ದೇನೆ.

ಬೇರುಬಿಳಲು
ಇಳಿಜಾರು ಯಾವ ಕಡೆ ಮುಖ ಮಾಡಿದೆ ನೋಡಿ. ಹಿಮಾಲಯದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಚಳಿಗಾಲದಲ್ಲೂ ನೇರ ಬಿಸಿಲು, ಹಿಮ ಬೇಗ ಕರಗಿ ಮಣ್ಣು ಬೇಗ ಒಣಗುತ್ತದೆ. ಉತ್ತರದ ಮುಖದಲ್ಲಿ ಹಿಮ ವಾರಗಟ್ಟಲೆ ಜಾಸ್ತಿ ನಿಲ್ಲುತ್ತದೆ. ಕರ್ನಾಟಕದಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹೋಗುವುದರಿಂದ ನಮಗೆ ಈ ವ್ಯತ್ಯಾಸ ಅಷ್ಟು ಎದ್ದು ಕಾಣೋದಿಲ್ಲ. ಅಲ್ಲಿ 30 ಡಿಗ್ರಿ ಅಕ್ಷಾಂಶದ ಮೇಲೆ, ಕಡಿದಾದ ಇಳಿಜಾರಲ್ಲಿ, ಎರಡು ದಡ ಬೇರೆ ಬೇರೆ ಹವಾಮಾನ ಇದ್ದ ಹಾಗೆ.

ಘಟ್ಟದಕಡೆ
ಒಂದು ಪ್ರಾಯೋಗಿಕ ಪ್ರಶ್ನೆ ಮೇಡಂ. ನನ್ನ ಗೆಳೆಯರೊಬ್ಬರು ಕುಮಾವೂನಿನಲ್ಲಿ ಸ್ವಲ್ಪ ಜಾಗ ತೆಗೆದುಕೊಂಡಿದ್ದಾರೆ, ಪೂರ್ತಿ ಚೀರ್. ಕೆಳಗೆ ಬೇರೆ ಗಿಡ ಬರಬೇಕು ಅಂದರೆ ಚೀರ್ ಕಡಿಯಲೇಬೇಕಾ?

ಹಿಮನೆಲ
ಕಡಿಯಬೇಡಿ ಅನ್ನಿ, ಅದಕ್ಕೆ ಅನುಮತಿಯ ತಲೆನೋವೂ ಇದೆ, ಅವಶ್ಯಕತೆಯೂ ಇಲ್ಲ. ಬಾಂಜ್ ಸಸಿ ಎಳೆಯದಿರುವಾಗ ನೆರಳು ತಡೆದುಕೊಳ್ಳುತ್ತದೆ. ಬೆಂಕಿ ಮತ್ತು ದನ ಎರಡನ್ನೂ ದೂರ ಇಟ್ಟರೆ, ಹತ್ತಿರದಲ್ಲಿ ಬೀಜದ ಮರ ಇದ್ದರೆ, ಚೀರ್ ಕೆಳಗೇ ಅದು ತಾನಾಗಿ ಬರುತ್ತದೆ. ಉತ್ತರದ ಮುಖದಿಂದ ಶುರು ಮಾಡಲಿ, ಹಳ್ಳದ ಪಕ್ಕದ ಹಸಿ ಜಾಗ ಮೊದಲು. ಬೇಸಿಗೆ ಶುರುವಾಗುವ ಮುಂಚೆ ಸುತ್ತ ಬೆಂಕಿ ದಾಟದ ಹಾಗೆ ಗೆರೆ ಎಳೆಯಬೇಕು. ಗಿಡ ನೆಡುವ ಜಾಗದಲ್ಲಿ ಮಾತ್ರ ಪಿರೂಲ್ ಸರಿಸಿ ಮಣ್ಣು ತೆರೆಯಲಿ, ಇಡೀ ಗುಡ್ಡ ಗುಡಿಸಬೇಡಿ. ಕಡಿದಾದ ಇಳಿಜಾರಲ್ಲಿ ಹಾಸು ಪೂರ್ತಿ ತೆಗೆದರೆ ಮೊದಲ ಜೋರು ಮಳೆಗೆ ಮೇಲ್ಮಣ್ಣೇ ಹೋಗುತ್ತದೆ. ಊರಿನ ವನ ಪಂಚಾಯತ್ ಸರಪಂಚರ ಹತ್ತಿರ ಮೊದಲು ಮಾತಾಡಲು ಹೇಳಿ, ಬಾಂಜ್ ಬೀಜ ಯಾವ ಗುಡ್ಡದಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಅವರಿಗೇ ಗೊತ್ತಿರುತ್ತದೆ.